ಹಗಲಲ್ಲಿ ಹಾಯಿಸಿದ ಕಿಚ್ಚು

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಶಾಲೆಯ ಮೈದಾನದಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿಸಿದೆ. ಯಲಹಂಕದಾಚೆ ಧಾರ್ಮಿಕ ಟ್ರಸ್ಟ್ ಒಂದು ನಡೆಸುವ ಶಾಲೆ ನಮ್ಮದು. ಸಂಕ್ರಾಂತಿ ಎಂದರೆ ಪೂಜೆ, ಎಳ್ಳುಬೆಲ್ಲ, ಅಷ್ಟೇ. ಯಾವ ಶಾಸ್ತ್ರದಲ್ಲೂ ಇಲ್ಲದ, ಹಸುಗಳನ್ನು ಕಿಚ್ಚು ಹಾಯಿಸುವ ಊರಿನ ಹಳೇ ಪದ್ಧತಿಯನ್ನೂ ಮಕ್ಕಳು ನೋಡಲಿ ಎಂದು ಹಟ ಹಿಡಿದ ಟೀಚರ್ ನಾನೇ.

ಹಸು ತಂದ ಮುನಿಯಮ್ಮ ಮೊದಲೇ ಹೇಳಿದ್ದರು: "ಒತ್ತು ಮುಳುಗಿದ್ಮ್ಯಾಲೆ ಆಯಿಸ್ಬೇಕು ಕಣವ್ವ. ಅಗಲೊತ್ತು ಉರಿ ಕಾಣಾಕಿಲ್ಲ."

"ಸಂಜೆ ಸ್ಕೂಲ್ ಬಸ್ ಇರಲ್ಲ ಅಜ್ಜಿ. ನಿಮ್ಮ ಹಸು ಏನು ವಾಚ್ ಕಟ್ಕೊಂಡಿದ್ಯಾ?" ಅಂದೆ. ಸುತ್ತ ಇದ್ದವರೆಲ್ಲ ನಕ್ಕರು.

ಹಸು ಕಿಚ್ಚು ಹಾಯ್ದಿತು, ಚಪ್ಪಾಳೆ ಬಿತ್ತು. ಬಿಸಿಲಿನಲ್ಲಿ ಬೆಂಕಿ ಆರಿದಂತೆಯೇ ಕಂಡಿತು. ಮಕ್ಕಳು ಹತ್ತಿರ ಬರದಂತೆ ಅಡ್ಡ ಕಟ್ಟಿದ್ದ ಹಗ್ಗವನ್ನು ನಾನೇ ಬಿಚ್ಚಿದೆ. ರೇಷ್ಮೆ ಲಂಗ ತೊಟ್ಟ ಎರಡನೇ ತರಗತಿಯ ಹುಡುಗಿ ಹಸುವನ್ನು ಮುಟ್ಟಲು ಆ ಹುಲ್ಲಿನ ಮೇಲೆಯೇ ನಡೆದಳು. ಲಂಗದ ಅಂಚು ಕಪ್ಪಾಗಿ ಮುದುಡುತ್ತಾ ಮೇಲೇರುವುದು ಕಂಡಿತೇ ಹೊರತು ಉರಿ ಕಾಣಲಿಲ್ಲ. ನಾನು ನಿಂತಲ್ಲೇ ನಿಂತಿದ್ದೆ. ಮುನಿಯಮ್ಮ ಹಸುವನ್ನು ಬಿಟ್ಟು ಓಡಿ ಬಂದು, ಮಗುವನ್ನು ಕೆಡವಿ, ಬರಿಗೈಯಲ್ಲೇ ಲಂಗವನ್ನು ಹಿಸುಕಿ ಬೆಂಕಿ ಆರಿಸಿದರು. ಮಗುವಿನ ಕಾಲು ಸುಟ್ಟಿತ್ತು. ಅವರ ಎರಡೂ ಅಂಗೈ ಬೆಂದಿದ್ದವು.

ಯುಗಾದಿಯ ಮಾರನೇ ಬೆಳಿಗ್ಗೆ ಮಗುವಿನ ತಾಯಿ ಫೋನ್ ಮಾಡಿ, ರಾತ್ರಿ ಅವಳು ಮೊದಲ ಬಾರಿ ಬೆಚ್ಚಿಬೀಳದೆ ಮಲಗಿದಳು ಎಂದರು. ಅಂದು ರಾತ್ರಿ ನಾನೂ ಬೆಳಗಿನವರೆಗೆ ಮಲಗಿದೆ. ಮುನಿಯಮ್ಮನಿಗೆ ಬೆರಳು ಮಡಚಲು ಇನ್ನೂ ಆಗುತ್ತಿಲ್ಲ. ಹಾಲನ್ನು ಸೊಸೆ ಕರೆಯುತ್ತಾಳೆ, ಅವರು ಪಕ್ಕದಲ್ಲಿ ಕೂತು ಹಸುವಿನ ಮೈ ಸವರುತ್ತಿರುತ್ತಾರೆ.