ಕವಳದ ಹರಿವಾಣದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ

ನನ್ನ ಅಣ್ಣನಷ್ಟು ಓದಿದವರು ಹುಲಗೋಳದಲ್ಲಿ ಇನ್ನೊಬ್ಬರಿಲ್ಲ, ಓದಿದ್ದೆಲ್ಲ ಮೊಬೈಲಿನಲ್ಲಿ. ಕೆನ್ನೆಯ ಒಳಗೆ ಶೇಂಗಾ ಬೀಜದಷ್ಟು ಗಡ್ಡೆ ಎದ್ದಾಗ ಶಿರಸಿಯ ಡಾಕ್ಟರು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದರು. ತಂಬಾಕು ಸೇರಿಸಿ ಜಗಿಯುವ ಎಲೆ-ಅಡಕೆಯ ಕವಳ ಇವತ್ತೇ ಬಿಡಬೇಕು, ಹದಿನೈದು ದಿನದೊಳಗೆ ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿಸಿದರೆ ನಾಲಿಗೆ ಉಳಿಯುತ್ತದೆ ಎಂದೂ ಹೇಳಿದರು.

ಅಣ್ಣ ತಲೆಯಾಡಿಸಿದ. ಮನೆಗೆ ಬಂದವನೇ ಹರಿವಾಣ ಎಳೆದುಕೊಂಡು ವೀಳ್ಯದೆಲೆಗೆ ಸುಣ್ಣ ಸವರಿದ. ನಮ್ಮಲ್ಲಿ ರೋಗಿಯನ್ನು ನೋಡಲು ಬಂದವರಿಗೂ ಕವಳ ಕೊಡಬೇಕು. ಅವರಷ್ಟೇ ಹಾಕಿದರೆ ಮರ್ಯಾದೆಯಲ್ಲ, ರೋಗಿಯೂ ಜೊತೆಗೆ ಹಾಕಬೇಕು. ತಂಬಾಕಿನ ಎಸಳು ಮುರಿಯುತ್ತ ಬಾಯಿ ಕ್ಯಾನ್ಸರಿಗೆ ಮದ್ದು ಹೇಳುವ ಆ ದೊಡ್ಡಮನುಷ್ಯರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅವರಲ್ಲೇ ಒಬ್ಬರು, ಸಕ್ಕರೆ ಕಾಯಿಲೆಯ ಮಾತ್ರೆಗೆ ಗಡ್ಡೆ ಕರಗುತ್ತದೆ ಎಂಬ ವಿಡಿಯೋ ತೋರಿಸಿದರು. ಸಕ್ಕರೆ ಕಾಯಿಲೆ ಇದ್ದದ್ದು ನನಗೆ. ಅಣ್ಣ ನನ್ನ ಮಾತ್ರೆಯ ಡಬ್ಬಿಗೆ ಕೈ ಚಾಚಿದ.

“ಈ ಮಾತ್ರೆ ಗಡ್ಡೆಗಷ್ಟೇ ಅಲ್ಲ ತಂಗಿ, ಅದ್ರ ಸುತ್ತ ಇಪ್ಪ ಜೀವಕೋಶಕ್ಕೂ ಬುದ್ಧಿ ಕಲಿಸ್ತು.”

“ಡಾಕ್ಟ್ರ ಹತ್ರ ಕೇಳಿದ್ಯ?”

“ನಿಂಗೆ ಎಂತ ಗೊತ್ತಿದ್ದು? ಆನು ಓದಿದ್ದಿ.”

ಜಗಳವಾಡಬೇಕಿತ್ತು. ಇಂಥ ಮೂರ್ಖನಿಗಾಗಿ ನನ್ನ ಬಾಯಿ ಯಾಕೆ ನೋಯಿಸಿಕೊಳ್ಳಲಿ, ನುಂಗಲಿ, ನುಂಗಿ ತಿಳಿಯಲಿ ಎಂದು ಎರಡು ಪಟ್ಟಿ ಮಾತ್ರೆ ಅವನ ಮುಂದೆ ಎಸೆದೆ. ಅವನು ಹರಿವಾಣದಲ್ಲಿ ಅಡಕೆಯ ಪಕ್ಕವೇ ಇಟ್ಟುಕೊಂಡ. ಊಟ, ಮಾತ್ರೆ, ಕವಳ. ಮಾತ್ರೆ ಇದೆಯಲ್ಲ ಎಂಬ ಧೈರ್ಯಕ್ಕೆ ತಂಬಾಕು ತುಸು ಹೆಚ್ಚೇ ಆಯಿತು. ಪಟ್ಟಿ ಖಾಲಿಯಾದಾಗಲೆಲ್ಲ ಕೇಳಿದ, ನಾನು ನಗುತ್ತ ಕೊಟ್ಟೆ.

ಮೂರು ತಿಂಗಳಿಗೆ ಬಾಯೊಳಗೆ ಚಮಚ ಹೋಗದಂತಾಯಿತು. ಹುಬ್ಬಳ್ಳಿಯಲ್ಲಿ ಒಂದು ಕಡೆಯ ದವಡೆ ತೆಗೆದರು, ನಾಲಿಗೆಯನ್ನೂ ತೆಗೆದರು. ಆ ಮಾತ್ರೆ ಗಡ್ಡೆಯ ಮೇಲೆ, ಸುತ್ತಲಿನ ಜೀವಕೋಶಗಳ ಮೇಲೆ ಏನು ಮಾಡಬಹುದು ಎಂದು ಸಂಶೋಧನೆ ನಡೆದಿರುವುದು ನಿಜವೇ ಅಂತೆ. ಆಪರೇಷನ್ ಬಿಟ್ಟು ಇದನ್ನು ನುಂಗಿ ಎಂದು ಯಾವ ಸಂಶೋಧಕನೂ ಹೇಳಿಲ್ಲವಂತೆ. ಅಲ್ಲಿನ ಡಾಕ್ಟರು ತಾಳ್ಮೆಯಿಂದಲೇ ವಿವರಿಸಿದರು. ಕೊನೆಗೆ ಕೇಳಿದರು, “ಶುಗರ್ ಇಲ್ಲದವರಿಗೆ ಈ ಗುಳಿಗಿ ಯಾರು ಕೊಟ್ರೀ?”

ಮಂಚದ ಮೇಲಿದ್ದ ಅಣ್ಣ ನನ್ನನ್ನೊಮ್ಮೆ ನೋಡಿದ. ಆಮೇಲೆ ಬೆರಳಿನಿಂದ ತನ್ನ ಎದೆ ಮುಟ್ಟಿ ತೋರಿಸಿದ.

ನನ್ನ ನಾಲಿಗೆ ಇಡಿಯಾಗಿ ಬಾಯಲ್ಲೇ ಇತ್ತು. ನಾನು ಮಾತಾಡಲಿಲ್ಲ.