ಅಳಿಸಿಹೋದ ನಮಸ್ಕಾರ

ನಾನು ಚಿಕ್ಕವಳಿದ್ದಾಗ, ಎಂಬತ್ತರ ದಶಕದಲ್ಲಿ, ರಜೆ ಸಿಕ್ಕಿದರೆ ಮಂಗಳೂರಿನ ಕಾನ್ವೆಂಟಿನಿಂದ ನೇರ ರಿಯಾದಿಗೆ, ಅಪ್ಪ ಅಮ್ಮನ ಬಳಿಗೆ. ಅಲ್ಲಿನ ಬತ್ಹಾ ಬಡಾವಣೆಯ ನಮ್ಮ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ನೈಜೀರಿಯಾದ ನರ್ಸ್ ಆಂಟಿಯೊಬ್ಬರಿದ್ದರು. ಅವರ ಭಾಷೆ ಎಬಿರಾ. ಅದರಲ್ಲಿ ದನಿ ಏರಿಸಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು. ನನಗೋ ಪಿಯಾನೋ ಕ್ಲಾಸಿನ ಪಕ್ಕ ಕೂತ ಹಾಗಾಗುತ್ತಿತ್ತು. ಅವರ ಒಕೆನೆ ಊರಿನಲ್ಲಿ ಆಡುವುದು ಒಂದು ಬಗೆ, ನದಿದಂಡೆಯ ಎಬಿರಾದವರದ್ದು ಬೇರೆ ಬಗೆಯಂತೆ.

ಆಗ ಫೋನು ದುಬಾರಿ. ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದೇ ಎಲ್ಲರ ರೂಢಿ. ಒಂದು ಶುಕ್ರವಾರ ಬೆಳಿಗ್ಗೆ ಆಂಟಿ ನಮ್ಮ ಟೇಪ್ ರೆಕಾರ್ಡರಿನ ಮುಂದೆ ಕೂತು, ಓದಲು ಬಾರದ ತಮ್ಮ ತಾಯಿಗಾಗಿ ಒಂದು ಬದಿ ಪೂರ್ತಿ ಮಾತಾಡಿದರು. ಅವರ ಊರಿನವರೊಬ್ಬರು ಮಧ್ಯಾಹ್ನವೇ ಹೊರಡುವವರಿದ್ದರು. ಇದು ತಪ್ಪಿದರೆ ಮತ್ತೆ ಯಾರೋ, ಯಾವಾಗಲೋ.

ಆಂಟಿ ಅಮ್ಮನ ಜೊತೆ ಟೀ ಕುಡಿಯಲು ಅಡುಗೆಮನೆಗೆ ಹೋದರು. ನನಗೆ ತಡೆಯಲಾಗದ ಕ್ಯೂರಿಯಾಸಿಟಿ! ಆ ಏರಿಳಿತವನ್ನು ಇನ್ನೊಮ್ಮೆ ಕೇಳಬೇಕು. ರಿವೈಂಡ್ ಮಾಡಿ ಪ್ಲೇ ಒತ್ತಿದೆ. ಟೇಪು ತಿರುಗುತ್ತಿದೆ, ಸದ್ದಿಲ್ಲ. ಪಕ್ಕದ ಕೆಂಪು ರೆಕಾರ್ಡ್ ಗುಂಡಿಯೂ ಒತ್ತಿಹೋಗಿತ್ತು.

"ಎಂತ ಮಾಡಿದ್ದು ಮಾರಾಯ್ತಿ!" ಅಪ್ಪ ತಲೆ ಹಿಡಿದುಕೊಂಡರು.

"ಸುರುವಿನ ನಮಸ್ಕಾರ ಮಾತ್ರ ಹೋದದ್ದಪ್ಪಾ. ಸುದ್ದಿ ಎಲ್ಲ ಉಂಟು."

ವಿಷಯ ತಿಳಿದ ಆಂಟಿಯ ಮುಖ ಸಣ್ಣದಾಯಿತು. "ನಮಸ್ಕಾರ ಇಲ್ಲದೆ ಸುದ್ದಿ ಶುರುವಾದರೆ, ಮಗಳಿಗೆ ಏನೋ ಆಗಿದೆ ಅಂತ ನನ್ನಮ್ಮ ಹೆದರಿಬಿಡುತ್ತಾಳೆ, ಬೇಬಿ," ಎಂದರು ಇಂಗ್ಲಿಷಿನಲ್ಲಿ. ಆಮೇಲೆ ಗಡಿಯಾರ ನೋಡಿ, "ಬಾ, ಅಳಿಸಿದವಳೇ ಮೊದಲು ಹೇಳು. ತಾವೋ! ಅಂದರೆ ನಮಸ್ಕಾರ."

"ತಾವೋ," ಎಂದೆ, ಅಳುತ್ತಲೇ.

"ಅಯ್ಯೋ, ಜಗಳಕ್ಕೆ ಕರೆದ ಹಾಗಿದೆ!"

ಮೂರನೆಯ ಸಲಕ್ಕೆ ಪಾಸಾದೆ. ಅಪ್ಪ ಟೇಪನ್ನು ಸುರುವಿಗೆ ತಂದು ರೆಕಾರ್ಡ್ ಒತ್ತಿದರು. ನನ್ನ ತಾವೋ ಆದ ಮೇಲೆ ಆಂಟಿ ಮನೆಮಂದಿಯನ್ನೆಲ್ಲ ಒಬ್ಬೊಬ್ಬರಾಗಿ, ಅವಸರವಿಲ್ಲದೆ ವಿಚಾರಿಸಿದರು. ಟೇಪು ಎಷ್ಟು ತಿರುಗಿತೆಂದು ತೋರಿಸುವ ಅಂಕಿಯ ಮೇಲೇ ಕಣ್ಣಿಟ್ಟಿದ್ದ ಅಪ್ಪ, ಖಾಲಿ ಜಾಗ ಮುಗಿಯಿತೆಂದು ಕೈ ಎತ್ತಿದರು. ನಾನು ಸ್ಟಾಪ್ ಒತ್ತಿದೆ. ಅಪ್ಪ ಕ್ಯಾಸೆಟ್ ಹಿಡಿದು ಮೆಟ್ಟಿಲಿಳಿದು ಓಡಿದರು.

ಮುಂದಿನ ರಜೆಯಲ್ಲಿ ಹೋದಾಗ ಉತ್ತರದ ಕ್ಯಾಸೆಟ್ ಬಂದಿತ್ತು. ಆಂಟಿಯ ತಾಯಿಯದ್ದು ನಡುಗುವ, ಹಣ್ಣಾದ ದನಿ. "ಮೊದಲನೆಯದು ನಿನಗೆ," ಎಂದರು ಆಂಟಿ. ಆ ಅಜ್ಜಿ ಮಗಳಿಗಿಂತ ಮೊದಲು ನನಗೆ, ಕಂಡರಿಯದ ಹುಡುಗಿಗೆ, ನಿಧಾನವಾಗಿ ತಾವೋ ಹೇಳಿದ್ದರು.

ಮಕ್ಕಳೇ, ನನ್ನ ವಾಯ್ಸ್ ಮೆಸೇಜನ್ನು ನೀವು ದುಪ್ಪಟ್ಟು ವೇಗದಲ್ಲಿ ಓಡಿಸುತ್ತೀರಿ. "ಊಟ ಆಯ್ತಾ ಕಂದಾ" ಎನ್ನುವಷ್ಟರಲ್ಲಿ ಹಾರಿಸಿ ವಿಷಯಕ್ಕೆ ಹೋಗುತ್ತೀರಿ. ಐ ಡೋಂಟ್ ಮೈಂಡ್, ಡಿಯರ್ಸ್. ಆದರೆ ಆ ಅಜ್ಜಿ ಕಳಿಸಿದ ಸುದ್ದಿ ಒಂದೂ ನನಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ಕಿವಿಯಲ್ಲಿ ಉಳಿದದ್ದು ನಮಸ್ಕಾರ ಮಾತ್ರ.