ಸುಟ್ಟ ಬಾಗಿಲಿನ ಎತ್ತರ

ಬಲ್ಮಠದ ಆಚೆ ಆಗ ಬರೀ ಗುಡ್ಡೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಹತ್ತಿದ ಬೆಂಕಿ ಅಲ್ಲಿನ ಹಳೇ ದೈವಸ್ಥಾನವನ್ನೂ ಸುಟ್ಟುಹಾಕಿತ್ತು. ನಾನು ಮರಕೆಲಸದ ಮೇಸ್ತ್ರಿ, ಹೊಸ ಬಾಗಿಲು ನನ್ನ ಪಾಲಿಗೆ ಬಂತು. ಹಳೇ ಎತ್ತರವೇ ಆಗಬೇಕು, ಇಲ್ಲದಿದ್ದರೆ ದೈವ ಒಪ್ಪುವುದಿಲ್ಲ ಎಂದು ಊರಿನವರ ಹಟ. ಅಳತೆಗೆ ಹೋದರೆ ಬೂದಿ ಬಿಟ್ಟು ಬೇರೇನೂ ಇಲ್ಲ.

ಅಲ್ಲಿ ಪೂಜೆ ಮಾಡುವ ಅಜ್ಜ ಬಂದವರು ಬೂದಿಯ ನಡುವೆ, ಹಿಂದೆ ಬಾಗಿಲಿದ್ದ ಕಡೆ, ಸೊಂಟ ಬಗ್ಗಿಸಿ ದಾಟಿದರು. ಹಿಂದೆ ಬಂದ ಹೆಂಗಸರೂ ಅಲ್ಲೇ ಬಗ್ಗಿದರು. ನನಗೆ ನಗು ತಡೆಯಲಾಗಲಿಲ್ಲ.

“ಎಂತ ಅಜ್ಜ, ಇಲ್ಲದ ಬಾಗಿಲಿಗೆ ಬಗ್ಗುವುದಾ?”

“ನಿಮಗೆ ಎತ್ತರ ಬೇಕಲ್ಲ? ನೆಟ್ಟಗೆ ಬನ್ನಿ ಮೇಸ್ತ್ರಿಗಳೇ.”

ಎದೆ ಸೆಟೆಸಿಕೊಂಡೇ ಹೋದೆ. ಹಣೆಗೆ ಟಪ್ಪೆಂದು ಬಡಿಯಿತು, ಗಟ್ಟಿ ಹಲಸಿನ ಮರಕ್ಕೆ ಬಡಿದ ಹಾಗೆ. ತಲೆಯೆತ್ತಿದರೆ ಬರೀ ಆಕಾಶ. ಕೈಯಾಡಿಸಿದೆ, ಏನೂ ಸಿಗಲಿಲ್ಲ.

ಅಜ್ಜ ನಗಲಿಲ್ಲ. “ಈಗ ಅಳತೆ ತೆಗೆಯಿರಿ ಮಾರಾಯ್ರೆ” ಎಂದರು.

ನೆಲದಿಂದ ಹಣೆ ಊದಿದಲ್ಲಿಯವರೆಗೆ ಕೋಲು ಹಿಡಿದು ಅಳೆದೆ. ಬಾಗಿಲು ಕೂರಿಸುವ ದಿನ ಎಲ್ಲರಿಗಿಂತ ಮೊದಲು ಬಗ್ಗಿ ಒಳಗೆ ಹೋದವನು ನಾನೇ. ಬಾಗಿಲು ಇನ್ನೂ ಎತ್ತಿನ ಗಾಡಿಯಲ್ಲೇ ಇತ್ತು.